ಗಾಳಿ ಬೆನ್ನಿಗೆ ಬಂದ ದಿನ

ದಕ್ಷಿಣ ಧ್ರುವದ ಚಳಿ ನಮ್ಮ ಶಾಲೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಬಂತು. ಸಹಿ ಹಾಕಿ ಇಳಿಸಿಕೊಂಡವನು ನಾನೇ. ಪೆಟ್ಟಿಗೆಯ ಮೇಲೆ ಹಿಮದ ಬೆಟ್ಟದ ಚಿತ್ರ, ಅದರ ಕೆಳಗೆ ‘ಧ್ರುವ ಪಾಠ: ಪ್ರತಿ ಮಗುವಿನ ಮೈಗೂ ಸಾಹಸ’ ಎಂಬ ದಪ್ಪಕ್ಷರ. ಅದನ್ನು ಓದಿದ ನಮ್ಮ ಹೆಡ್‌ಮಾಸ್ಟರ್ ಚಂದಪ್ಪನವರು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಾ, “ಮೌಲಾಲಿ ಸರ್, ಸಾಹಸ ಆಮ್ಯಾಲ. ಮೊದಲ ಎರಡು ಫ್ಯಾನ್ ಕಳಸ್ರಿ ಅಂತ ಬರೀರಿ ಇವರಿಗಿ” ಎಂದರು.

ಆಗಿನ್ನೂ ನವೆಂಬರ್. ನಮ್ಮೂರು ಕಲ್ಲಗುಂಡಿ, ಸೇಡಂ ಕಡೆಯದು. ಸುತ್ತ ಹಾಸುಗಲ್ಲಿನ ಗಣಿಗಳು. ಗೋಡೆ, ನೆಲ, ಮಾಡು ಎಲ್ಲ ಅದೇ ಕಲ್ಲು, ಶಾಲೆಯೂ ಅಷ್ಟೇ. ಬೆಳಿಗ್ಗೆ ಕಾದ ಚಪ್ಪಡಿ ರಾತ್ರಿ ಊಟದ ಹೊತ್ತಿಗೂ ಆರಿರುವುದಿಲ್ಲ. ನಮ್ಮಪ್ಪನ ಕಾಲದಲ್ಲಿ ನವೆಂಬರ್ ಎಂದರೆ ಕೌದಿ ಹೊದೆಯುವ ತಿಂಗಳಾಗಿತ್ತಂತೆ. ಈಗ ನೆರಳಿನಲ್ಲೇ ಮೂವತ್ತೆಂಟು ಡಿಗ್ರಿ. ನನ್ನ ಏಳನೆಯ ತರಗತಿಯ ಮಕ್ಕಳಿಗೆ ಚಳಿಗಾಲ ಎಂಬುದು ಪರೀಕ್ಷೆಗೆ ಬರುವ ಒಂದು ಪಾಠ.

ಉಪಾಯ ಮಾತ್ರ ಚೆನ್ನಾಗಿತ್ತು, ಬೈಯುತ್ತಲೇ ಒಪ್ಪಿಕೊಳ್ಳುತ್ತೇನೆ. ಲಡಾಖಿನ ಸ್ಟಾಂಜಿನ್ ಯಾಂಗ್ಡೋಲ್ ಎಂಬ ಹೆಣ್ಣುಮಗಳು ಒಬ್ಬಳೇ ಸಾಮಾನಿನ ಜಾರುಬಂಡಿ ಎಳೆದುಕೊಂಡು ಕಡಲ ದಂಡೆಯಿಂದ ಧ್ರುವದವರೆಗೆ ನಡೆಯಲು ಹೊರಟಿದ್ದಳು. ಆಕೆಯ ಒಳ ಉಡುಪಿನ ತುಂಬ ಸಂವೇದಕಗಳು. ಎದೆ ಎಷ್ಟು ಬಡಿಯಿತು, ಯಾವ ಪಾದಕ್ಕೆ ಎಷ್ಟು ಭಾರ ಬಿತ್ತು, ಮೈಯ ಯಾವ ಕಡೆಗೆ ಎಷ್ಟು ಚಳಿ ತಾಗಿತು ಎಲ್ಲ ಉಪಗ್ರಹದ ಮೂಲಕ ಬೆಂಗಳೂರಿನ ನಿಯಂತ್ರಣ ಕೊಠಡಿಗೆ ಬರುತ್ತಿತ್ತು. ಅಲ್ಲಿಂದ ಮೂರು ಸಾವಿರ ಶಾಲೆಗಳಿಗೆ. ಶಾಲೆಯಲ್ಲಿ ಮಗು ಒಂದು ಅಂಗಿ, ಒಂದು ಜೊತೆ ಕಾಲುಚೀಲ ಹಾಕಿಕೊಂಡರೆ ಆಕೆಯ ಮೈಗಾದದ್ದು ಒಂದಿಷ್ಟು ಮಗುವಿನ ಮೈಗೂ ಆಗಬೇಕು. ಓದಿ ತಿಳಿಯುವುದಕ್ಕಿಂತ ಅನುಭವಿಸಿ ತಿಳಿಯಲಿ ಎಂಬುದು ತತ್ವ.

ಅಂಗಿಯ ಒಳಗೆ ಹುಣಸೆ ಬೀಜದ ಗಾತ್ರದ ಬಿಲ್ಲೆಗಳಿದ್ದವು. ವಿದ್ಯುತ್ ಹರಿದರೆ ಬಿಲ್ಲೆಯ ಒಂದು ಮುಖ ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ತಂಪು ಮೈಗೆ, ಬಿಸಿ ಹೊರಗೆ. ಹೊರಗೇ ಬೆಂಕಿ ಸುರಿಯುತ್ತಿದ್ದರೆ ಆ ಬಿಸಿ ಎಲ್ಲಿಗೆ ಹೋಗಬೇಕು? ಅದಕ್ಕೇ ಅಂಗಿಯಲ್ಲೊಂದು ಕಾವಲು ಪ್ರೋಗ್ರಾಂ ಇತ್ತು, ‘ಜರಡಿ’ ಎಂದು ಅದರ ಹೆಸರು. ಹೊರಮೈ ಕಾದಷ್ಟೂ ಜರಡಿ ಮುಚ್ಚಿಕೊಳ್ಳುತ್ತದೆ. ಏಸಿ ಹಾಕಿದ ಹಾಲಿನಲ್ಲಿ ಅರ್ಧ ತೆರೆದು ಮಣಿಕಟ್ಟಿಗೆ ಹಿತವಾದ ತಂಪು ಕೊಡುತ್ತದೆ. ನಮ್ಮ ಕಲ್ಲಿನ ಮಾಡಿನ ಕೆಳಗೆ ಪೂರ್ತಿ ಮುಚ್ಚಿ, ಪೀ ಎಂದು ಕೂಗಿ, ಸತ್ತೇ ಹೋಗುತ್ತಿತ್ತು.

ಮೊದಲ ದಿನ ಹತ್ತು ಮಕ್ಕಳಿಗೆ ಅಂಗಿ ತೊಡಿಸಿದೆ. ಉಳಿದ ಮೂವತ್ತು ಮಂದಿ ಬಾಯಿ ಬಿಟ್ಟುಕೊಂಡು ನೋಡಿದರು. ಐದು ನಿಮಿಷಕ್ಕೆ ಹತ್ತೂ ಅಂಗಿ ಪೀ ಎಂದವು. ಒಬ್ಬ ಹುಡುಗ ಬೆವರಿನಲ್ಲಿ ತೊಯ್ದು, “ಸರ್, ಧ್ರುವದಾಗ ಇಷ್ಟು ಶೆಕಿ ಇರ್ತದೇನ್ರಿ?” ಎಂದ. ನನಗೆ ನಗು ಬರಲಿಲ್ಲ.

ನಿಯಂತ್ರಣ ಕೊಠಡಿಗೆ ಫೋನ್ ಮಾಡಿದೆ. ‘ಕೊಠಡಿಯನ್ನು ಇಪ್ಪತ್ತೆರಡು ಡಿಗ್ರಿಯಲ್ಲಿ ಇಡಿ’ ಎಂದರು. ಏಸಿ ಇಲ್ಲ ಎಂದೆ. ‘ಏಸಿ ಇರುವ ಹಾಲಿಗೆ ಮಕ್ಕಳನ್ನು ಕರೆದೊಯ್ಯಿರಿ’ ಎಂದರು. ನಮ್ಮೂರಿಗೆ ಹತ್ತಿರದ ಏಸಿ ಎಂದರೆ ಸೇಡಂನ ಬ್ಯಾಂಕಿನದು. ಮತ್ತೆ ಫೋನ್ ಮಾಡಿದರೆ ಬೇರೆ ಯಾರೋ ಎತ್ತಿ ಮೊದಲಿನಿಂದ ಕಥೆ ಕೇಳಿ, ‘ಕೊಠಡಿಯನ್ನು ಇಪ್ಪತ್ತೆರಡು ಡಿಗ್ರಿಯಲ್ಲಿ’ ಎಂದು ಶುರು ಮಾಡಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಪಾಡು. ಆ ಕಡೆ ಆಕೆ ದಿನವೂ ನಡೆಯುತ್ತಿದ್ದಾಳೆ, ಈ ಕಡೆ ಅವಳ ನಡಿಗೆ ಪೆಟ್ಟಿಗೆಯಲ್ಲಿ ಕೊಳೆಯುತ್ತಿದೆ.

ದಾರಿ ತೆಗೆದವಳು ಜಗದೇವಿ. ಗಣಿಗೆ ಹೋಗುವ ಕಾಶಮ್ಮನ ಮಗಳು, ಮಾತು ಕಡಿಮೆ. ನೀರಿನ ಕೊಡ ತಣ್ಣಗಿರಲಿ ಎಂದು ನಮ್ಮ ಕಡೆ ಅದಕ್ಕೆ ಒದ್ದೆ ಗೋಣಿತಟ್ಟು ಸುತ್ತುತ್ತೇವೆ. ಅವಳು ಶಾಲೆಯ ಕೊಡಕ್ಕೆ ಸುತ್ತಿದ್ದ ತಟ್ಟನ್ನೇ ಬಿಚ್ಚಿ, ಹಿಂಡಿ, ಅಂಗಿಯ ಮೇಲೆ ಹೊದ್ದುಕೊಂಡಳು. ‘ನೀರು ತಾಗಿಸಬಾರದು’ ಎಂದು ಅಂಗಿಯ ಕಾಲರಿನಲ್ಲೇ ಬರೆದಿತ್ತು. “ಏ, ಸುಟ್ಟುಹೋಗ್ತದ, ತೆಗಿ!” ಎಂದು ನಾನು ಕೂಗುವಷ್ಟರಲ್ಲಿ ಅವಳ ಮುಖ ಬದಲಾಯಿತು. ಎರಡೂ ಕೈಯಲ್ಲಿ ಎದೆ ಅಪ್ಪಿಕೊಂಡು, “ಯಪ್ಪಾ... ಸರ್... ಥಂಡಿ!” ಎಂದಳು.

ನಮ್ಮ ಒಣ ಹವೆಯಲ್ಲಿ ಒದ್ದೆ ತಟ್ಟು ಎಷ್ಟು ತಣ್ಣಗಾಗುತ್ತದೆ ಎಂಬುದು ಬೆಂಗಳೂರಿನವರಿಗೆ ಹೊಳೆದಿರಲಿಕ್ಕಿಲ್ಲ. ಅಂಗಿಯ ಹೊರಮೈ ಏಸಿ ಹಾಲಿಗಿಂತ ತಂಪಾಯಿತು. ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಮಾತ್ರ ತೆರೆಯಬೇಕಿದ್ದ ಜರಡಿ ಕಲ್ಲಗುಂಡಿಯಲ್ಲಿ ಪೂರ್ತಿ ತೆರೆದುಕೊಂಡಿತು. ಮರುದಿನ ಮಕ್ಕಳೆಲ್ಲ ಮನೆಯಿಂದ ಗೋಣಿತಟ್ಟು ತಂದರು. ಚಂದಪ್ಪನವರು ಬಾಗಿಲಲ್ಲಿ ನಿಂತು, “ಇದೇನು ಶಾಲಿನೋ ಜ್ವಾಳದ ಅಡತಿ ಅಂಗಡಿನೋ” ಎಂದು ಹೋದರು.

ಆಮೇಲಿನ ಐದು ವಾರ ನನ್ನ ಇಪ್ಪತ್ತು ವರ್ಷದ ನೌಕರಿಯಲ್ಲಿ ಮರೆಯುವಂಥವಲ್ಲ. ಸರದಿಯ ಮೇಲೆ ಹತ್ತು ಹತ್ತು ಮಕ್ಕಳು ಕಣ್ಣು ಮುಚ್ಚಿ ಸಾಲಾಗಿ ನಿಂತು, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದರು. ಯಾಂಗ್ಡೋಲ್ ಅವರಿಗೆ ‘ಅಕ್ಕ’ ಆದಳು. ಅಕ್ಕನ ಹೆಜ್ಜೆ ಚಿಕ್ಕದು. ಬಲಗಾಲು ಮೊದಲು, ಭಾರವೂ ಅದಕ್ಕೇ ಹೆಚ್ಚು. ಸುಸ್ತಾದಾಗ ಕೂರುವುದಿಲ್ಲ, ನಿಂತು ಎದೆಯ ಮೇಲೆ ಕೈ ಇಟ್ಟುಕೊಳ್ಳುತ್ತಾಳೆ. ಮತ್ತೆ ಚಳಿ ಯಾವಾಗಲೂ ಎದೆಗೆ, ಕೆನ್ನೆಗೆ. ಬೆನ್ನು ಬೆಚ್ಚಗಿರುತ್ತದೆ.

ಯಾಕೆ ಎಂದು ಮಕ್ಕಳೇ ಕೇಳಿದರು. ಹೇಳಿದೆ: ಧ್ರುವ ಇರುವುದು ಎತ್ತರದ ಹಿಮದ ಬಯಲಿನಲ್ಲಿ. ಅಲ್ಲಿಯ ತಣ್ಣನೆಯ ಗಾಳಿ ಭಾರ. ಅದು ಇಳಿಜಾರು ಹಿಡಿದು ಕಡಲಿನ ಕಡೆಗೆ ಇಳಿಯುತ್ತಲೇ ಇರುತ್ತದೆ. ಧ್ರುವಕ್ಕೆ ಹೋಗುವವರ ಮುಖಕ್ಕೆ ಗಾಳಿ, ಅಲ್ಲಿಂದ ಬರುವವರ ಬೆನ್ನಿಗೆ. ರಾಶಿ ತೂರುವ ಕಣ ನೋಡಿ ಬೆಳೆದ ಮಕ್ಕಳು, ಗಾಳಿಯ ಮಾತು ಎರಡು ಸಲ ಹೇಳಬೇಕಾಗಲಿಲ್ಲ.

ಅಂಗಿಯ ಹೆಗಲ ಮೇಲೆ ಒಂದು ಮೆತ್ತನೆಯ ಪಟ್ಟಿ ಇತ್ತು. ಅದನ್ನು ಒತ್ತಿದರೆ ಅಲ್ಲಿ ಆಕೆಯ ಹೆಗಲಿಗೆ ಸಣ್ಣಗೆ ತಟ್ಟಿದಂತೆ ಆಗುತ್ತದೆ ಎಂದು ಪೆಟ್ಟಿಗೆಯೊಳಗಿನ ಕಾಗದ ಹೇಳುತ್ತಿತ್ತು. ದಿನದ ಪಾಠ ಮುಗಿದಾಗ ನನ್ನ ಮಕ್ಕಳು ಪಟ್ಟಿ ಒತ್ತಿ “ಶಾಬಾಸ್ ಅಕ್ಕಾ” ಎನ್ನುತ್ತಿದ್ದರು. ಅಂಗಿ ಸಿಗದವರು ಸಿಕ್ಕವರ ಹೆಗಲಿಗೆ ಕೈ ಹಾಕುತ್ತಿದ್ದರು. ಅದು ಅಲ್ಲಿಗೆ ಮುಟ್ಟುತ್ತಿತ್ತೋ ಇಲ್ಲವೋ, ನಾನು ನಂಬಿರಲಿಲ್ಲ.

ಜಗದೇವಿಗೆ ಇದು ಹುಚ್ಚಾಗಿ ಹಿಡಿಯಿತು. ಧ್ರುವ ಪಾಠದ ಕೊನೆಗೆ ಒಂದು ಪರೀಕ್ಷೆ ಇತ್ತು. ಅದರಲ್ಲಿ ಮುಂದೆ ಬಂದವರಿಗೆ ಹಿಮ ವಿಜ್ಞಾನದ ವಸತಿ ಶಾಲೆಯಲ್ಲಿ ಸೀಟು. ಅಲ್ಲಿ ಓದಿದವರನ್ನು ಮುಂದೆ ನಿಜವಾದ ಧ್ರುವ ನೆಲೆಗೂ ಕಳಿಸುತ್ತಾರೆ. ಅವಳಿಗೆ ಆ ಸೀಟು ಬೇಕಿತ್ತು. ನನಗೆ ಅವಳಿಗಿಂತ ಹೆಚ್ಚು ಬೇಕಿತ್ತು, ಯಾಕೆಂದರೆ ಏಳನೆಯದು ಮುಗಿಸಿದ ನಮ್ಮೂರ ಹುಡುಗಿಯರು ಮರುವರ್ಷ ಗಣಿಯಲ್ಲಿ ಕಲ್ಲು ಹೊರುವುದನ್ನು ಕಂಡು ಕಂಡು ನನಗೆ ಸಾಕಾಗಿತ್ತು.

ಒಂದು ಭಾನುವಾರ ಲೆಕ್ಕಕ್ಕೆ ಒಂದು ಅಂಗಿ ಕಡಿಮೆ ಬಂತು. ನೇರ ಜಗದೇವಿಯ ಮನೆಗೆ ಹೋದೆ. ಅವಳ ಅಪ್ಪ ಬಾಗಿಲಲ್ಲೇ ಕೂತಿದ್ದ. ಗಣಿಯಲ್ಲಿ ಚಪ್ಪಡಿ ಬಿದ್ದು ಕಾಲು ಕಳೆದುಕೊಂಡ ಮೇಲೆ ಅದೇ ಅವನ ಜಾಗ. ಒಳಗೆ ಕಾಶಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಮೈಮೇಲೆ ಸರಕಾರದ ಅಂಗಿ, ಅದರ ಮೇಲೆ ಒದ್ದೆ ತಟ್ಟು.

ನನ್ನನ್ನು ಕಂಡು ಗಾಬರಿಯಾದರೂ ಅಂಗಿ ಬಿಚ್ಚಲಿಲ್ಲ. “ಸರ್, ಒಲಿ ಮುಂದ ಇಷ್ಟು ತಂಪು ನಾ ಹುಟ್ಟಿದಾಗಿಂದ ಕಂಡಿಲ್ರಿ” ಎಂದಳು. ಒಂದು ರೊಟ್ಟಿ ಮುಗಿಸಿ, “ಈ ತಾಯಿ ಯಾಕ ಹೊಂಟಾಳ್ರಿ ಅಲ್ಲಿಗಿ? ಏನದ ಅಲ್ಲಿ?” ಎಂದು ಕೇಳಿದಳು.

“ಏನೂ ಇಲ್ಲವ್ವ. ಒಂದು ಕಂಬ ನಿಲ್ಲಿಸ್ಯಾರ.”

“ಕಂಬ ನೋಡ್ಲಾಕ ಇಷ್ಟು ದೂರ?” ಕಾಶಮ್ಮ ನಕ್ಕಳು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ಹೋಗೋದೇನು ದೊಡ್ಡದಲ್ರಿ ಸರ್. ಅವತ್ತು ಕಲ್ಲು ಸಪ್ಪಳ ಮಾಡಿತ್ತು. ಎಲ್ಲರೂ ಕೇಳ್ಯಾರ. ಇನ್ನೊಂದೇ ಚಪ್ಪಡಿ ಅಂತ ಇವರು ಒಳಗ ಹೋದರು. ಹೊಳ್ಳಿ ಬರಬೇಕಾಗಿತ್ತು.”

ಜಗದೇವಿ ಕೊಡದ ಹತ್ತಿರ ನಿಂತು ಕೇಳುತ್ತಿದ್ದಳು. ಅಂಗಿ ತೆಗೆದುಕೊಂಡು ಹೋಗುವುದಕ್ಕೆ ಬಂದವನು ರೊಟ್ಟಿ ತಿಂದು ಬರಿಗೈಯಲ್ಲಿ ಬಂದೆ. ಸೋಮವಾರ ಅವಳೇ ತಂದಳು.

ಜನವರಿಯ ಎರಡನೆಯ ವಾರ. ಕೆಲವು ದಿನದಿಂದ ಮಕ್ಕಳು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಸರ್, ಅಕ್ಕನ ಬಲಗಾಲಿನ ಬೆರಳು ಎಲ್ಲಿ ಹೋದವು?” ತೀರಾ ಕೆಟ್ಟ ಚಳಿಯನ್ನು ಕಾಲುಚೀಲ ಮಗುವಿಗೆ ದಾಟಿಸುವುದಿಲ್ಲ, ಆ ಜಾಗವನ್ನು ಖಾಲಿ ಬಿಟ್ಟುಬಿಡುತ್ತದೆ. ಎಡಗಾಲಿನ ಐದೂ ಬೆರಳಿಗೆ ಚಳಿ ತಾಗುತ್ತಿತ್ತು, ಬಲಗಾಲಿನವಕ್ಕೆ ಏನೂ ಇಲ್ಲ. ಹೆಜ್ಜೆಯೂ ಈಗ ಎಡಗಾಲಿನ ಮೇಲೆ ಬೀಳುತ್ತಿತ್ತು. ಹಿಮ ಕಚ್ಚಿದರೆ ಬೆರಳು ಸಾಯುತ್ತದೆ ಎಂದು ಗೊತ್ತಿದ್ದ ನಾನು, “ಸುಧಾರಿಸ್ತದ” ಎಂದೆ. ಧ್ರುವಕ್ಕೆ ಇನ್ನು ನಾಲ್ಕೇ ದಿನದ ದಾರಿ ಉಳಿದಿತ್ತು.

ಆ ದಿನ ಒಬ್ಬ ಹುಡುಗ ಬಂದಿರಲಿಲ್ಲ, ಅವನ ಅಂಗಿ ನಾನೇ ಹಾಕಿಕೊಂಡೆ. ತಟ್ಟು ಹೊದ್ದು ಕಣ್ಣು ಮುಚ್ಚಿದೆ. ಎದೆಗೆ ಬಡಿಯುವ ಗಾಳಿ. ಎಡಗಾಲು, ಎಳೆತ, ಎಡಗಾಲು. ಆಕೆ ನಿಂತಳು. ಎದೆಯ ಮೇಲೆ ಕೈ ಬಂತು. ಎಂದಿನಂತೆ ಸುಧಾರಿಸಿಕೊಂಡು ಹೊರಡುತ್ತಾಳೆ ಅಂದುಕೊಂಡೆ. ಹೊರಡಲಿಲ್ಲ. ಎದೆಬಡಿತ ಜೋರಾಯಿತು, ನಡೆಯುವಾಗ ಇದ್ದುದಕ್ಕಿಂತ ಜೋರು. ನಿಂತಲ್ಲೇ ನಿಂತು ಯಾಕೆ ಹೀಗೆ ಬಡಿದುಕೊಳ್ಳುತ್ತಿದೆ ಎಂದು ಮೊದಲು ತಿಳಿಯಲಿಲ್ಲ. ಬಹಳ ಹೊತ್ತು ಹಾಗೇ ಇದ್ದಳು. ಉಸಿರು ಎರಡು ಮೂರು ಸಲ ಮುರಿದು ಮುರಿದು ಬಂತು. ಅಳುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು, ನನ್ನ ಪಕ್ಕದ ಮಕ್ಕಳಿಗೂ ಗೊತ್ತಾಯಿತು.

ಆಮೇಲೆ ಎದೆಯ ಚಳಿ ನಿಧಾನಕ್ಕೆ ಎಡ ತೋಳಿಗೆ ಸರಿಯಿತು. ತೋಳಿನಿಂದ ಹೆಗಲಿಗೆ. ಹೆಗಲಿನಿಂದ ಬೆನ್ನಿಗೆ.

“ಗಾಳಿ ಬೆನ್ನಿಗಿ ಬಂತ್ರಿ ಸರ್” ಎಂದಳು ಜಗದೇವಿ. “ಅಕ್ಕ ಹೊಳ್ಳಿದಳು.”

ಯಾರೂ ಹೇಳದೆ ಅವಳ ಕೈ ಹೆಗಲ ಪಟ್ಟಿಯ ಮೇಲೆ ಹೋಯಿತು. ಹತ್ತೂ ಜನ ಒತ್ತಿದೆವು. ಉಳಿದ ಮಕ್ಕಳು ಗೋಡೆ ಬಿಟ್ಟು ಬಂದು ನಮ್ಮ ಬೆನ್ನಿಗೆ ಕೈ ಇಟ್ಟರು. ಯಾರೂ ಶಾಬಾಸ್ ಅನ್ನಲಿಲ್ಲ. ಒಂದೆರಡು ನಿಮಿಷ ಆಗಿರಬೇಕು, ಅಂಗಿಗಳೆಲ್ಲ ಒಟ್ಟಿಗೇ ಬೆಚ್ಚಗಾದವು. ಬೆಂಗಳೂರಿನಿಂದ ತಂತು ಕಡಿದಿದ್ದರು.

‘ಯಾತ್ರಿ ವಿಶ್ರಾಂತಿಯಲ್ಲಿದ್ದಾರೆ. ನಿಗದಿತ ದಿನ ಧ್ರುವ ತಲುಪುವ ಪಾಠ ನಡೆಯಲಿದೆ’ ಎಂದು ಸಂದೇಶ ಬಂತು. ಫೋನ್ ಮಾಡಿ, ಆಕೆ ಹಿಂದಿರುಗಿದ್ದಾಳೆ, ನಮಗೆ ಗೊತ್ತು ಎಂದೆ. “ನಿಮ್ಮ ಅಂಗಿಗೆ ನೀರು ಬಿದ್ದಿದೆ ಅಂತ ದಾಖಲಾಗಿದೆ ಸರ್, ಅದಕ್ಕೆ ತಪ್ಪು ತೋರಿಸಿದೆ” ಎಂದರು. ಸಿಟ್ಟು ನೆತ್ತಿಗೇರಿತು. ಅದೇ ವಾರ ಒಂದು ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ಬೆಂಗಳೂರಿನ ರೈಲು ಹತ್ತಿದೆ. ಹೆಂಡತಿ ಜೈನಬಿ, “ಹೋಗ್ರಿ, ಅವರಿಗಾದ್ರೂ ಬೈದು ಬರ್ರಿ, ಮನ್ಯಾಗ ನಮಗ ಸಾಕಾಗ್ಯದ” ಎಂದು ಬುತ್ತಿ ಕಟ್ಟಿಕೊಟ್ಟಳು.

ನಿಯಂತ್ರಣ ಕೊಠಡಿ ನಿಜಕ್ಕೂ ಇಪ್ಪತ್ತೆರಡು ಡಿಗ್ರಿಯಲ್ಲಿತ್ತು. ಗೋಡೆ ತುಂಬ ಪರದೆಗಳು, ಎಲ್ಲದರಲ್ಲೂ ನಗುವ ಮಕ್ಕಳ ಚಿತ್ರ. ನಿರ್ದೇಶಕ ಡಾ. ಕಾಮತ್ ಸಭ್ಯ ಮನುಷ್ಯ. ಟೀ ತರಿಸಿದರು, ನಾನು ಹೇಳಿದ್ದನ್ನೆಲ್ಲ ಕೇಳಿದರು, ಕೊನೆಗೆ ಸುಳ್ಳು ಹೇಳಲಿಲ್ಲ.

“ಹೌದು ಮೇಷ್ಟ್ರೇ, ಹಿಂದಿರುಗಿದರು. ವಿಮಾನ ಕಳಿಸಿ ಕರೆತಂದಿದ್ದಾರೆ. ಎರಡು ಬೆರಳು ತೆಗೆಯಬೇಕಾಗುತ್ತದೆ, ಜೀವಕ್ಕೇನೂ ತೊಂದರೆಯಿಲ್ಲ.”

“ಅದನ್ನೇ ಮಕ್ಕಳಿಗೆ ಹೇಳಿ ಸರ್.”

“ಏನಂತ ಹೇಳಲಿ? ನಾಲ್ಕು ದಿನದ ದಾರಿ ಇತ್ತು, ಬಿಟ್ಟು ಬಂದರು ಅಂತಲೇ? ಇದು ಸ್ಫೂರ್ತಿಯ ಯೋಜನೆ. ತಲುಪುವ ದಿನಕ್ಕೆ ಮಂತ್ರಿಗಳು ಬರುತ್ತಿದ್ದಾರೆ. ಹಿಂದೆ ಧ್ರುವ ಮುಟ್ಟಿದ ಒಬ್ಬರ ದಾಖಲೆ ನಮ್ಮಲ್ಲಿದೆ, ಅದನ್ನು ಜೋಡಿಸುತ್ತೇವೆ.”

“ಮತ್ತೆ ಅದು ಯಾಂಗ್ಡೋಲ್ ಅಲ್ಲವಲ್ಲ!”

“ಯಾಂಗ್ಡೋಲ್ ತಲುಪಿದರು ಅಂತ ನಾವು ಎಲ್ಲೂ ಹೇಳುತ್ತಿಲ್ಲ” ಎಂದರು ಕಾಮತ್ ಶಾಂತವಾಗಿ. “ಯಾತ್ರಿ ತಲುಪಿದರು ಅಂತಿದೆ ಪಾಠದಲ್ಲಿ. ಪ್ರಶ್ನೆಪತ್ರಿಕೆಯೂ ಅಚ್ಚಾಗಿದೆ.”

ನಾನು ಕೂಗಾಡಿದೆ. ನೂರೈವತ್ತು ವರ್ಷದ ಹಿಂದೆ ಒಬ್ಬ ಕಪ್ತಾನ ಧ್ರುವ ಇನ್ನು ನೂರು ಮೈಲಿ ಆಸುಪಾಸಿನಲ್ಲಿರುವಾಗ ತಿರುಗಿ, ತನ್ನ ಜೊತೆಗಾರರನ್ನೆಲ್ಲ ಜೀವಂತ ಕರೆತಂದದ್ದು ನಿಮ್ಮ ಪುಸ್ತಕದಲ್ಲಿ ಯಾಕಿಲ್ಲ ಎಂದು ಕೇಳಿದೆ. ನಮ್ಮ ಗಣಿಯ ವಿಷಯ ಹೇಳಿದೆ. ಕಾಮತ್ ಗಡಿಯಾರ ನೋಡಿಕೊಂಡರು. ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯಿತು.

ಹೊರಗೆ ಲಿಫ್ಟಿನ ಹತ್ತಿರ ಪರದೆಗಳ ಮುಂದೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಹಿಂದೆ ಬಂದಳು. ಕೊರಳ ಬಿಲ್ಲೆಯಲ್ಲಿ ತನುಜಾ ಎಂದಿತ್ತು. “ಆ ದಿನ ಡ್ಯೂಟಿ ನಂದೇ ಇತ್ತು ಸರ್. ಜರಡಿ ಪೂರ್ತಿ ತೆರೆದಿದ್ದರೆ ಮಾತ್ರ ತಟ್ಟಿದ್ದು ಅಲ್ಲಿಗೆ ಹೋಗುತ್ತೆ. ಮೂರು ಸಾವಿರ ಶಾಲೆಯಲ್ಲಿ ಅವತ್ತು ಹೋಗಿದ್ದು ನಿಮ್ಮದೊಂದೇ. ಅವರು ತಿರುಗಿದ ಮೇಲೆ ನಿಂತರು. ಹೆಗಲ ಮೇಲೆ ತಮ್ಮ ಕೈ ಇಟ್ಟುಕೊಂಡು ತುಂಬಾ ಹೊತ್ತು ಹಾಗೇ ಇದ್ದರು. ನಿಮ್ಮ ಮಕ್ಕಳಿಗೆ ಹೇಳಿ” ಎಂದಳು. ಲಿಫ್ಟ್ ಬಂತು. ಆ ಮಾತು ಬಿಟ್ಟರೆ ಬೆಂಗಳೂರಿನಿಂದ ನಾನು ಏನೂ ತರಲಿಲ್ಲ. ಮಕ್ಕಳಿಗೆ ಹೇಳಿದಾಗ ಅವರು ಸುಮ್ಮನೆ ತಲೆಯಾಡಿಸಿದರು, ಅವರಿಗೆ ಅದು ಹೊಸ ಸುದ್ದಿಯೇ ಆಗಿರಲಿಲ್ಲ.

ಗೊತ್ತುಪಡಿಸಿದ ದಿನವೇ ಧ್ರುವ ತಲುಪುವ ಪಾಠ ನಡೆಯಿತು. ಅಂಗಿಯಲ್ಲಿ ಉದ್ದುದ್ದ ಹೆಜ್ಜೆ, ಎರಡೂ ಪಾದ ಗಟ್ಟಿ, ಹತ್ತು ಬೆರಳೂ ಜಾಗದಲ್ಲಿವೆ. ಕೈ ಮೇಲೆ ಹೋದವು, ಎದೆ ಕುಣಿಯಿತು, ಸ್ಪೀಕರಿನಲ್ಲಿ ಚಪ್ಪಾಳೆ. “ಇವರ‍್ಯಾರೋ ಗಂಡಸರ‍್ರಿ” ಎಂದು ಒಬ್ಬ ಹುಡುಗ ಅಂಗಿ ಬಿಚ್ಚಿ ಮಡಚಿಟ್ಟ. ನಮ್ಮ ತರಗತಿಯಲ್ಲಿ ಚಪ್ಪಾಳೆ ಬೀಳಲಿಲ್ಲ.

ಮಾರ್ಚಿನಲ್ಲಿ ಪರೀಕ್ಷೆ. ಕೊನೆಯ ದೊಡ್ಡ ಪ್ರಶ್ನೆ: ‘ಯಾತ್ರಿ ಧ್ರುವ ಬಿಂದುವನ್ನು ತಲುಪಿದ ಕ್ಷಣದಲ್ಲಿ ದೇಹದಲ್ಲಾದ ಬದಲಾವಣೆಗಳನ್ನು ವಿವರಿಸಿ.’ ಪರೀಕ್ಷೆಗೆ ಮೊದಲೇ ಮಕ್ಕಳನ್ನು ಕೂರಿಸಿಕೊಂಡು, ಕೇಳಿದ್ದಕ್ಕೆ ಕೇಳಿದಂತೆ ಬರೀರಿ, ಉಳಿದದ್ದು ನಮ್ಮ ಮನಸ್ಸಿನಲ್ಲಿರಲಿ ಎಂದು ಹೇಳಿದ್ದೆ. ಹೇಳುವಾಗ ನನ್ನ ಮೇಲೆ ನನಗೇ ಅಸಹ್ಯವಾಗಿತ್ತು, ಆದರೂ ಹೇಳಿದೆ. ಹೆಚ್ಚಿನವರು ಹಾಗೇ ಬರೆದರು. ಜಗದೇವಿ ಒಂದೇ ಸಾಲು ಬರೆದಳು: ‘ಅಕ್ಕ ತಲುಪಲಿಲ್ಲ, ಗಾಳಿ ಬೆನ್ನಿಗೆ ಬಂತು.’ ಅದಕ್ಕೆ ಸೊನ್ನೆ. ಉಳಿದದ್ದೆಲ್ಲ ಎಷ್ಟು ಚೆನ್ನಾಗಿತ್ತೆಂದರೆ ಆ ಸೊನ್ನೆ ಹೊತ್ತುಕೊಂಡೇ ಸಂದರ್ಶನಕ್ಕೆ ಕರೆ ಬಂತು.

ಮೇ ತಿಂಗಳು, ಕಲಬುರಗಿ. ಒಂದು ಏಸಿ ಹಾಲ್. ಕಾಶಮ್ಮ ಗಣಿಗೆ ರಜೆ ಸಿಗದೆ ಮಗಳನ್ನು ನನ್ನ ಜೊತೆ ಕಳಿಸಿದ್ದಳು. ನನಗೆ ಬಾಗಿಲ ಬಳಿ ಒಂದು ಕುರ್ಚಿ ಕೊಟ್ಟರು. ಮೇಜಿನ ಆಚೆ ಡಾ. ಕಾಮತ್, ಅವರ ಅತ್ತ ಇತ್ತ ಇಬ್ಬರು. ಕಾಮತ್ ನನ್ನನ್ನು ಗುರುತಿಸಿ ತಲೆಯಾಡಿಸಿದರು. ಜಗದೇವಿಯನ್ನು ಗಾಳಿ, ಹಿಮ, ಉಪ್ಪುನೀರು ಎಂದು ಏನೇನೋ ಕೇಳಿದರು. ಅವಳು ತಡೆಯಿಲ್ಲದೆ ಉತ್ತರಿಸಿದಳು. ಆ ಇಬ್ಬರಲ್ಲಿ ಒಬ್ಬರು, “ಇಂಥ ಹುಡುಗಿ ಬೇಕು ನಮಗೆ” ಎಂದು ಬಾಯಿಬಿಟ್ಟೇ ಹೇಳಿದರು.

ಕಾಮತ್ ಮುಂದಕ್ಕೆ ಬಾಗಿದರು. “ಮಗು, ಅದೊಂದು ಉತ್ತರ ಮಾತ್ರ ಪಾಠದಲ್ಲಿ ಇದ್ದ ಹಾಗಿಲ್ಲ. ಈಗ ಬಾಯಲ್ಲಿ ಹೇಳಿಬಿಡು, ತಿದ್ದಿಕೊಳ್ಳುತ್ತೇವೆ. ಯಾತ್ರಿ ತಲುಪಿದರು, ಎದೆಬಡಿತ ಹೆಚ್ಚಾಯಿತು. ಅಷ್ಟೇ ಸಾಕು. ಸೀಟು ನಿನ್ನದು.” ಅವರ ದನಿಯಲ್ಲಿ ಬೆದರಿಕೆ ಇರಲಿಲ್ಲ. ಅವರು ಬೇಡಿಕೊಳ್ಳುತ್ತಿದ್ದರು.

ಹೇಳಿಬಿಡವ್ವಾ, ಎಂದು ನಾನು ಮನಸ್ಸಿನಲ್ಲೇ ಅಂದೆ. ಎರಡು ಶಬ್ದ. ನಿನ್ನ ಅವ್ವನ ತಲೆಯ ಮೇಲಿನ ಕಲ್ಲು ನೆನಪು ಮಾಡಿಕೋ. ಹೇಳು, ಒಳಗೆ ಹೋಗು, ನಾಳೆ ನೀನೇ ದೊಡ್ಡವಳಾಗಿ ಆ ಪಾಠ ತಿದ್ದು. ನಾನು ಕುರ್ಚಿಯ ತುದಿಗೆ ಬಂದಿದ್ದೆ.

ಜಗದೇವಿ ನಿಂತೇ ಇದ್ದಳು. ಬಹಳ ಹೊತ್ತು. ಅವಳ ಕೈ ಎದೆಯ ಮೇಲೆ ಹೋಯಿತು. ಉಸಿರು ಮುರಿದು ಮುರಿದು ಬರುವುದು ಬಾಗಿಲ ಬಳಿಯಿಂದಲೇ ನನಗೆ ಕಂಡಿತು. ಅದನ್ನು ನಾನು ಮೊದಲೇ ಬಲ್ಲೆ. ನನ್ನ ಎದೆಯಲ್ಲೇ ಒಮ್ಮೆ ಆಗಿತ್ತು.

“ಬರ‍್ತೀನ್ರಿ ಸರ್” ಎಂದು ಅವರಿಗೆ ಕೈಮುಗಿದಳು. ತಿರುಗಿದಳು. ಅಷ್ಟು ದೊಡ್ಡ ಹಾಲಿನಲ್ಲಿ ನನ್ನ ಕಡೆಗೆ ನಡೆದುಬಂದಳು, ಚಿಕ್ಕ ಚಿಕ್ಕ ಹೆಜ್ಜೆ, ಬಲಗಾಲು ಮೊದಲು. ಹಿಂದಿನಿಂದ ಕಾಮತ್, “ಮಗು, ಒಂದು ನಿಮಿಷ” ಎಂದರು. ಅವಳು ನಿಲ್ಲಲಿಲ್ಲ.

ಬಾಗಿಲು ದಾಟಿ ಮೆಟ್ಟಿಲ ಬಳಿ ಅವಳನ್ನು ತಡೆದೆ. ಬಾಯಿಂದ ಸಿಟ್ಟೇ ಹೊರಟಿತು. “ಎರಡು ಶಬ್ದ ಹೇಳಿದ್ರ ಏನು ಗಂಟು ಹೋಗ್ತಿತ್ತು ನಿಂದು?”

“ನಂದೇನೂ ಹೋಗ್ತಿದ್ದಿಲ್ರಿ ಸರ್” ಎಂದಳು. ಕಣ್ಣಲ್ಲಿ ನೀರಿತ್ತು. “ಅಕ್ಕ ಹೊಳ್ಳಿದ್ದು ಹೋಗ್ತಿತ್ತು.”

ನನ್ನ ಕೈ ಹೋಗಿ ಅವಳ ಹೆಗಲ ಮೇಲೆ ಕೂತಿತು. ಸಣ್ಣಗೆ ತಟ್ಟಿದೆ. ಅವಳು ಆ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡು, ಹೊರಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತಳು.

ಹೊರಗೆ ರಣಬಿಸಿಲು. ಸೇಡಂ ಬಸ್ಸಿಗೆ ಅರ್ಧ ಮೈಲಿ ನಡೆಯಬೇಕಿತ್ತು. ಸೇಡಂನ ಹೈಸ್ಕೂಲಿಗೆ ಇವಳನ್ನು ಸೇರಿಸಲೇಬೇಕು, ಕಾಶಮ್ಮನನ್ನು ಒಪ್ಪಿಸಲೇಬೇಕು, ಒಪ್ಪದಿದ್ದರೆ ಜೈನಬಿಯನ್ನು ಕಳಿಸಬೇಕು ಎಂದು ಯೋಚಿಸುತ್ತಾ ರಸ್ತೆಗೆ ಇಳಿದೆ. ಬಿಸಿಗಾಳಿ ಕೆನ್ನೆಗೆ ಬಡಿಯಿತು. ಜಗದೇವಿ ಸೆರಗಿಲ್ಲದ ಯೂನಿಫಾರ್ಮಿನ ತೋಳಿನಿಂದ ಮುಖ ಒರೆಸಿಕೊಂಡಳು.

“ಸರ್, ಗಾಳಿ ಮುಖಕ್ಕ ಬರ್ಲಾಕತ್ತದ್ರಿ” ಎಂದಳು, ಮತ್ತು ನನಗಿಂತ ಮುಂದೆ ನಡೆದಳು.